ಗೃಹಾರೋಗ್ಯ: ಪಿತ್ತಕೋಶವನ್ನು ತೆಗೆದ ಮೇಲೂ ಉಳಿಯುವ ಹೊಟ್ಟೆನೋವು



ಮನೆಯಲ್ಲೊಬ್ಬರಿಗೆ ಕಾಯಿಲೆಯಾದಾಗ ಬಂಧುಬಳಗವೆಲ್ಲವೂ ರೋಗಿಯ ಸುತ್ತ ನೆರೆಯುವುದು. ಶಸ್ತ್ರಚಿಕಿತ್ಸೆ ಮುಗಿದು ರೋಗಿಯು ಆಸ್ಪತ್ರೆಯಿಂದ ಹಿಂದಿರುಗಿದನೆಂದರೆ ಎಲ್ಲರೂ ನಿಟ್ಟುಸಿರು ಬಿಟ್ಟು ತಂತಮ್ಮ ಕೆಲಸಗಳಿಗೆ ಮರಳುವರು. ಇದು ಲೋಕರೂಢಿ. ಆದರೆ ಚಿಕಿತ್ಸೆ ಮುಗಿದರೂ ನೋವು ಮುಗಿಯದಿದ್ದಲ್ಲಿ ಆ ರೋಗಿಯ ಪಾಡೇನು? ಹೇಳಿಕೊಂಡರೆ ಕೇಳುವವರಿಗೆ ಬೇಸರ. ಹೇಳದಿದ್ದರೆ ತನಗೆ ಸಂಕಟ. ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಇಂತಹ ಪ್ರಶ್ನೆಯೊಂದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿರುವುದು: “ಪಿತ್ತಕೋಶದ ಕಲ್ಲಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ಕಲ್ಲೂ ಹೋಯಿತು, ಚೀಲವೂ ಹೋಯಿತು. ನೋವೇಕೆ ಹೋಗಲಿಲ್ಲ?” ಈ ತಿಂಗಳು ಅದಕ್ಕೆ ಉತ್ತರ ಹೇಳಲು ಯತ್ನಿಸುವೆವು. ಅದಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಹಿರಿಯ ಅಕ್ಕನಿಗೆ ಕೆಲವು ವರ್ಷಗಳ ಹಿಂದೆ ಇದೇ ಚಿಕಿತ್ಸೆಯಾಯಿತು. ಹೊಟ್ಟೆಯ ಮೇಲೆ ನಾಲ್ಕು ಚಿಕ್ಕ ಗಾಯಗಳು. ಮೂರನೆಯ ದಿನ ಮನೆಗೆ ಬಂದಳು. ಐದು ವಾರಗಳ ಕಾಲ ಎಲ್ಲವೂ ಸುಖವಾಗಿತ್ತು. ಆಮೇಲೆ ಒಂದು ರಾತ್ರಿ ಊಟವಾದ ಬಳಿಕ ಮೇಲುಹೊಟ್ಟೆಯಲ್ಲಿ ಹಿಂಡಿದಂತಹ ನೋವು ಎದ್ದು ಬೆನ್ನಿನವರೆಗೂ ಹಬ್ಬಿತು. ಎರಡು ಗಂಟೆಯ ತರುವಾಯ ತಾನಾಗಿ ಇಳಿಯಿತು. ಎರಡು ದಿನ ಬಿಟ್ಟು ಮತ್ತೆ ಬಂದಿತು. “ಚೀಲವನ್ನೇ ತೆಗೆದುಹಾಕಿದ ಮೇಲೆ ಇನ್ನು ನೋಯುವುದಕ್ಕೆ ಅಲ್ಲೇನಿದೆಯಮ್ಮಾ?” ಎಂದರು ಅವಳ ಅತ್ತೆಯವರು. ಭಾವನವರು ಸುಮ್ಮನಿದ್ದರು. ಆರೋಗ್ಯದ ವಿಷಯ ಬರೆಯುವವರೆಂದು ಹೆಸರಾದ ನಮ್ಮನ್ನು ಅಕ್ಕನೇ ಕೇಳಿದಾಗ, “ಅದು ಬರಿಯ ವಾಯು ಅಕ್ಕ, ಜೀರಿಗೆ ಕಷಾಯ ಮಾಡಿಕೊಂಡು ಕುಡಿ” ಎಂದುಬಿಟ್ಟೆವು. ಹನ್ನೊಂದು ದಿನ ಅವಳು ಕಷಾಯ ಕುಡಿದಳು. ಹನ್ನೆರಡನೆಯ ದಿನ ಬೆಳಗ್ಗೆ ಅವಳ ಮಗಳು ಜಡೆ ಹಾಕಿಸಿಕೊಳ್ಳಲು ಕುಳಿತವಳು ಕನ್ನಡಿಯಲ್ಲಿ ತಾಯಿಯ ಮುಖ ನೋಡಿ, “ಅಮ್ಮಾ, ನಿನ್ನ ಕಣ್ಣು ಯಾಕೆ ಹಳದಿಯಾಗಿದೆ?” ಎಂದಳು. ಆ ಮಗು ನೋಡಿದ್ದನ್ನು ನಾವು ದೊಡ್ಡವರು ಯಾರೂ ನೋಡಿರಲಿಲ್ಲ.

ಮುಂದೆ ನಡೆದುದನ್ನು ಆಮೇಲೆ ಹೇಳುವೆವು. ಮೊದಲು ದೇಹದೊಳಗಿನ ಏರ್ಪಾಡನ್ನು ತಿಳಿದುಕೊಳ್ಳೋಣ. ಅದನ್ನು ತಿಳಿಯದೆ ನೋವನ್ನು ತಿಳಿಯಲಾಗದು.

ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಯಕೃತ್ತು ಇರುವುದಷ್ಟೆ. ಕೊಬ್ಬನ್ನು ಜೀರ್ಣಿಸಲು ಬೇಕಾದ ಪಿತ್ತರಸವನ್ನು ತಯಾರಿಸುವುದು ಯಕೃತ್ತೇ ಹೊರತು ಪಿತ್ತಕೋಶವಲ್ಲ. ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಆ ರಸವು ಹುಟ್ಟುವುದು. ಪಿತ್ತಕೋಶವು ಯಕೃತ್ತಿನ ಅಡಿಗೆ ಅಂಟಿಕೊಂಡ ಚಿಕ್ಕ ಚೀಲ. ಅದು ೩೦ರಿಂದ ೫೦ ಮಿಲಿಲೀಟರಿನಷ್ಟು ರಸವನ್ನು ಹಿಡಿದು, ಅದನ್ನು ಗಟ್ಟಿಮಾಡಿ, ಊಟದ ಹೊತ್ತಿಗೆ ಹಿಂಡಿ ಕೊಡುವುದು. ನಮ್ಮ ಹಳೆಯ ಮನೆಗಳ ಹಿತ್ತಲನ್ನು ನೆನೆದುಕೊಳ್ಳಿರಿ. ಯಕೃತ್ತು ಬಾವಿ, ಪಿತ್ತಕೋಶವು ಬಾವಿಯ ಪಕ್ಕದ ತೊಟ್ಟಿ, ಪಿತ್ತನಾಳವು ಅಡಿಗೆಮನೆಗೆ ನೀರೊಯ್ಯುವ ಕಾಲುವೆ. ತೊಟ್ಟಿಯನ್ನು ಕಿತ್ತುಹಾಕಿದರೂ ಬಾವಿಯೂ ಕಾಲುವೆಯೂ ಇದ್ದೇ ಇರುವುವು. ನೀರು ತೊಟ್ಟಿಯಲ್ಲಿ ನಿಲ್ಲದೆ ಸದಾ ಸಣ್ಣಗೆ ಹರಿಯತೊಡಗುವುದು, ಅಷ್ಟೇ ವ್ಯತ್ಯಾಸ. ಆದುದರಿಂದ ಪಿತ್ತಕೋಶವಿಲ್ಲದೆ ಮನುಷ್ಯನು ಪೂರ್ಣಾಯುಷ್ಯವನ್ನು ಬಾಳಬಹುದು. ಹಾಗೆಯೇ, ತೊಟ್ಟಿ ಹೋದ ಮೇಲೂ ಕಾಲುವೆಯಲ್ಲಿ ಕಲ್ಲು ಸಿಕ್ಕಿಕೊಳ್ಳಬಹುದು. “ನೋಯುವುದಕ್ಕೆ ಅಲ್ಲೇನಿದೆ?” ಎಂಬ ಪ್ರಶ್ನೆಗೆ ಇದೇ ಉತ್ತರ.

ಈ ಚಿಕಿತ್ಸೆಯು ಹೊಸದೇನಲ್ಲ. ೧೮೮೨ನೆಯ ಇಸವಿಯ ಜುಲೈ ೧೫ರಂದು ಬರ್ಲಿನ್ ನಗರದಲ್ಲಿ ಕಾರ್ಲ್ ಲಾಂಗೆನ್‌ಬುಕ್ ಎಂಬ ಶಸ್ತ್ರವೈದ್ಯನು ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದನು. ಅದಕ್ಕೆ ಮುಂಚೆ ಕಲ್ಲನ್ನು ಮಾತ್ರ ತೆಗೆದು ಚೀಲವನ್ನು ಬಿಡುವ ರೂಢಿಯಿತ್ತು. ಚೀಲವಿದ್ದರೆ ಕಲ್ಲು ಮತ್ತೆ ಹುಟ್ಟುವುದೆಂಬುದು ಆತನ ವಾದವಾಗಿತ್ತು. ೧೯೮೫ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬಾತನು ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ಚಿಕ್ಕ ರಂಧ್ರಗಳ ಮೂಲಕ ಈ ಕೆಲಸವನ್ನು ಮಾಡಿ ತೋರಿಸಿದನು. ಭಾರತದಲ್ಲಿ ಈ ಲ್ಯಾಪರೊಸ್ಕೋಪಿ ವಿಧಾನದಿಂದ ಮೊದಲು ಪಿತ್ತಕೋಶವನ್ನು ತೆಗೆದವರು ಮುಂಬಯಿಯ ಡಾಕ್ಟರ್ ತೆಹಮ್ಟನ್ ಉದ್ವಾಡಿಯಾ ಅವರು; ಅದು ೧೯೯೦ರಲ್ಲಿ. ಈಗ ಜಿಲ್ಲೆಯ ಊರುಗಳಲ್ಲಿಯೂ ಅದು ನಿತ್ಯದ ಕೆಲಸವಾಗಿದೆ. ಬಹುಮಂದಿಗೆ ಇದರಿಂದ ಪೂರ್ಣ ಗುಣವಾಗುವುದು. ಆದರೆ ಎಲ್ಲರಿಗೂ ಅಲ್ಲ. ಚಿಕಿತ್ಸೆಯ ಬಳಿಕವೂ ಹೊಟ್ಟೆಯ ತೊಂದರೆ ಉಳಿದವರ ಸಂಖ್ಯೆಯನ್ನು ವೈದ್ಯಗ್ರಂಥಗಳು ನೂರಕ್ಕೆ ೫ರಿಂದ ೪೦ರವರೆಗೆ ಬಗೆಬಗೆಯಾಗಿ ಹೇಳುವುವು. ಎಷ್ಟು ಸಣ್ಣ ತೊಂದರೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದರ ಮೇಲೆ ಈ ಅಂಕಿ ಹೆಚ್ಚುಕಡಮೆಯಾಗುವುದು. ಅವುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಆದರೆ ನೋವುಣ್ಣುತ್ತಿರುವವರು ಒಬ್ಬೊಂಟಿಗರಲ್ಲ, ಅದು ಅವರ ಕಲ್ಪನೆಯೂ ಅಲ್ಲ ಎಂಬಷ್ಟನ್ನು ಮನೆಯವರು ಇದರಿಂದ ತಿಳಿಯಬೇಕು.

ಮೊದಲ ವಾರದ ನೋವು

ಚಿಕಿತ್ಸೆಯಾದ ಮೊದಲ ಎರಡು ಮೂರು ದಿನ ಭುಜದ ತುದಿಯಲ್ಲಿ, ಅದರಲ್ಲೂ ಬಲಭುಜದಲ್ಲಿ, ನೋವು ಕಾಣಿಸಿಕೊಳ್ಳುವುದುಂಟು. ಹೊಟ್ಟೆಯ ಚಿಕಿತ್ಸೆಗೆ ಭುಜವೇಕೆ ನೋಯಬೇಕೆಂದು ಅನೇಕರು ಗಾಬರಿಗೊಳ್ಳುವರು. ಲ್ಯಾಪರೊಸ್ಕೋಪಿಯ ಕಾಲದಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಜಾಗ ಮಾಡಿಕೊಳ್ಳುವರು. ಮಿಕ್ಕುಳಿದ ಅನಿಲವು ಎದೆಗೂ ಹೊಟ್ಟೆಗೂ ನಡುವಣ ವಪೆಯನ್ನು ಕೆರಳಿಸುವುದು. ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಭಾಗದಿಂದ ಹೊರಡುವುದರಿಂದ ನೋವು ಭುಜದಲ್ಲಿ ತೋರುವುದು. ಮನೆಯೊಳಗೇ ಮೆಲ್ಲಗೆ ಓಡಾಡುವುದು, ಆಗಾಗ ಮಗ್ಗುಲು ಬದಲಾಯಿಸುವುದು ಇದಕ್ಕೆ ಒಳ್ಳೆಯ ಉಪಾಯ. ಅನಿಲವು ರಕ್ತದಲ್ಲಿ ಕರಗಿ ಉಸಿರಿನ ಮೂಲಕ ತಾನಾಗಿ ಹೊರಟುಹೋಗುವುದು.

ಗಾಯಗಳ ನೋವೂ ಈ ವಾರದಲ್ಲಿ ಸಹಜ. ಪಿತ್ತಕೋಶವನ್ನು ಬಹುಮಟ್ಟಿಗೆ ಹೊಕ್ಕುಳ ಬಳಿಯ ಅಥವಾ ಎದೆಗೂಡಿನ ಕೆಳಗಿನ ರಂಧ್ರದಿಂದ ಹೊರತೆಗೆಯುವುದರಿಂದ ಆ ಗಾಯವು ಉಳಿದವುಗಳಿಗಿಂತ ಹೆಚ್ಚಾಗಿ ನೋಯಬಹುದು. ಕೆಮ್ಮುವಾಗ, ಸೀನುವಾಗ, ನಗುವಾಗ ಒಂದು ಮೆತ್ತನೆಯ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡರೆ ಗಾಯದ ಮೇಲೆ ಎಳೆತ ಬೀಳದು. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಏಳದೆ, ಮೊದಲು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ಕೈಯೂರಿ ಏಳತಕ್ಕದ್ದು. ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಮೊದಲಾದ ಮಾತ್ರೆಗಳನ್ನು ನೋವು ಮಿತಿಮೀರಿದ ಮೇಲೆ ನುಂಗುವುದಕ್ಕಿಂತ, ಅವರು ಹೇಳಿದ ಹೊತ್ತಿಗೆ ಹೇಳಿದಷ್ಟೇ ತೆಗೆದುಕೊಳ್ಳುವುದು ಮೇಲು. ಮಾತ್ರೆಗೆ ಅಂಜಿ ನೋವನ್ನು ನುಂಗಿಕೊಂಡವರು ಆಳವಾಗಿ ಉಸಿರಾಡರು, ಓಡಾಡರು. ಅದರಿಂದ ಶ್ವಾಸಕೋಶದಲ್ಲಿ ಕಫ ಕಟ್ಟುವುದು, ಮಲಬದ್ಧತೆಯಾಗುವುದು. ಮಲಬದ್ಧತೆಯೇ ಎಷ್ಟೋ ಹೊಟ್ಟೆನೋವುಗಳ ಮೂಲವಾಗಿರುವುದನ್ನು ಮರೆಯಲಾಗದು.

ನೀರು ತುಂಬಿದ ಕೊಡ, ಅಕ್ಕಿಯ ಮೂಟೆ, ಗ್ಯಾಸಿನ ಸಿಲಿಂಡರು, ಸೊಂಟದ ಮೇಲಿನ ಮಗು, ಇವುಗಳನ್ನು ಎತ್ತುವುದನ್ನು ವೈದ್ಯರು ಒಪ್ಪುವವರೆಗೆ ಬಿಡತಕ್ಕದ್ದು. ರಂಧ್ರಗಳ ಚಿಕಿತ್ಸೆಯಾದವರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹಗುರ ಕೆಲಸಗಳಿಗೆ ಮರಳಬಹುದು. ಹೊಟ್ಟೆಯನ್ನು ತೆರೆದು ಚಿಕಿತ್ಸೆ ಮಾಡಿಸಿಕೊಂಡವರಿಗೆ ೬ರಿಂದ ೮ ವಾರಗಳು ಬೇಕಾಗಬಹುದು. “ಗಾಯವೇ ಕಾಣದಷ್ಟು ಚಿಕ್ಕದು, ಇನ್ನೂ ಎಷ್ಟು ದಿನ ಮಲಗುವುದು?” ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುವುದುಂಟು. ಹೊರಗಿನ ಗಾಯ ಚಿಕ್ಕದಾದ ಮಾತ್ರಕ್ಕೆ ಒಳಗಿನ ಗಾಯವೂ ಚಿಕ್ಕದೆಂದು ಎಣಿಸಬಾರದು.

ತಡಮಾಡಲಾಗದ ಲಕ್ಷಣಗಳು

ವಾಚಕರು ಈ ಭಾಗವನ್ನು ಎರಡು ಬಾರಿ ಓದಬೇಕೆಂದು ಬೇಡುವೆವು. ಚಳಿನಡುಕದೊಡನೆ ಜ್ವರ, ಅಥವಾ ೧೦೦·೪ ಡಿಗ್ರಿ ಫಾರನ್‌ಹೀಟ್ ಮೀರಿದ ಜ್ವರ, ಕಣ್ಣಿನ ಬಿಳಿಭಾಗ ಹಳದಿಯಾಗುವುದು, ಮೂತ್ರವು ಕಾಫಿಯ ಬಣ್ಣಕ್ಕೂ ಮಲವು ಸುಣ್ಣದ ಬಣ್ಣಕ್ಕೂ ತಿರುಗುವುದು, ದಿನದಿಂದ ದಿನಕ್ಕೆ ಇಳಿಯಬೇಕಾದ ನೋವು ಏರುತ್ತಿರುವುದು, ಹೊಟ್ಟೆ ಉಬ್ಬಿ ಬಿಗಿಯಾಗುವುದು, ನಿಲ್ಲದ ವಾಂತಿ, ಗಾಯದಲ್ಲಿ ಕೀವು, ಕಪ್ಪು ಮಲ ಅಥವಾ ರಕ್ತ, ಒಂದು ಕಾಲು ಮಾತ್ರ ಊದಿ ನೋಯುವುದು, ಉಸಿರುಕಟ್ಟುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ, ಶುಭದಿನವೆಂದು ನೋಡದೆ, ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ವಾಹನವಿಲ್ಲದಿದ್ದರೆ ೧೦೮ಕ್ಕೆ ಕರೆಮಾಡತಕ್ಕದ್ದು.

ಇವುಗಳ ಹಿಂದೆ ಮುಖ್ಯವಾಗಿ ಎರಡು ಕಾರಣಗಳಿರಬಹುದು. ಒಂದು, ಚೀಲವನ್ನು ಕತ್ತರಿಸಿದೆಡೆಯಿಂದಲೋ ನಾಳದಿಂದಲೋ ಪಿತ್ತರಸವು ಹೊಟ್ಟೆಯೊಳಗೆ ಸೋರುವುದು. ಇದು ಅಪರೂಪ, ಆದರೆ ಸಾಮಾನ್ಯವಾಗಿ ಮೊದಲ ವಾರ ಹತ್ತು ದಿನಗಳಲ್ಲಿಯೇ ಕಾಣಿಸುವುದು. ಇನ್ನೊಂದು, ಚಿಕಿತ್ಸೆಗೆ ಮುನ್ನವೇ ಚೀಲದಿಂದ ಜಾರಿದ ಕಲ್ಲೊಂದು ದೊಡ್ಡ ಪಿತ್ತನಾಳದಲ್ಲಿ ಉಳಿದುಕೊಂಡಿರುವುದು. ಇದು ವಾರಗಳ ಬಳಿಕವೂ, ಕೆಲವೊಮ್ಮೆ ವರ್ಷಗಳ ಬಳಿಕವೂ ತಲೆಯೆತ್ತಬಹುದು. ಕಲ್ಲು ನಾಳದ ಬಾಯಿಗೆ ಅಡ್ಡವಾಗಿ ನಿಂತರೆ ಕಾಮಾಲೆ. ಅದರೊಡನೆ ನಂಜು ಸೇರಿದರೆ ಪ್ರಾಣಕ್ಕೆ ಅಪಾಯ. ಮೇದೋಜೀರಕಗ್ರಂಥಿಯ ನಾಳವನ್ನೂ ತಡೆದರೆ ಆ ಗ್ರಂಥಿಯ ಉರಿಯೂತ. ನಮ್ಮ ಅಕ್ಕನಿಗಾದುದು ಇದೇ.

ಅವಳ ಕಣ್ಣು ಹಳದಿಯಾದ ದಿನ ಅತ್ತೆಯವರು ಮತ್ತೊಂದು ಮಾತು ಹೇಳಿದರು: ಪಕ್ಕದೂರಿನಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕೊಡುವವರಿದ್ದಾರೆ, ಮೂರು ದಿನ ಕುಡಿದರೆ ಇಳಿಯುವುದು ಎಂದು. ಅವರು ಕೆಟ್ಟ ಮನಸ್ಸಿನಿಂದ ಹೇಳಿದುದಲ್ಲ. ಸೊಸೆಯನ್ನು ಮತ್ತೆ ಆಸ್ಪತ್ರೆಗೆ ಒಯ್ಯುವುದೆಂದರೆ ಅವರಿಗೆ ಭಯ. ವಿಷಾಣುವಿನಿಂದಾದ ಕಾಮಾಲೆಯು ಬಹುಸಲ ತಾನಾಗಿಯೇ ಇಳಿಯುವುದರಿಂದ ಅದರ ಕೀರ್ತಿಯು ಸೊಪ್ಪಿನ ರಸಕ್ಕೆ ಸಲ್ಲುವುದು. ಆದರೆ ಕಲ್ಲು ಅಡ್ಡನಿಂತು ಬಂದ ಕಾಮಾಲೆಗೆ ಯಾವ ರಸವೂ ದಾರಿ ಬಿಡಿಸಲಾರದು. ಅದರಲ್ಲಿ ಕಳೆದ ಮೂರು ದಿನ ಸುಮ್ಮನೆ ಕಳೆದ ಮೂರು ದಿನವಲ್ಲ, ನಂಜು ಏರಲು ಕೊಟ್ಟ ಮೂರು ದಿನ. ಅಂದು ಭಾವನವರು ಮೊದಲ ಬಾರಿಗೆ ತಾಯಿಯ ಮಾತಿಗೆ ಎದುರಾಡಿ, “ಇಲ್ಲಮ್ಮಾ, ಈಗಲೇ ಹೊರಡಬೇಕು” ಎಂದು ಕಾರು ತರಿಸಿದರು. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಏರಿದ್ದುವು. ಸ್ಕ್ಯಾನಿಂಗಿನಲ್ಲಿ ನಾಳ ಹಿಗ್ಗಿ ಅದರ ತುದಿಯಲ್ಲಿ ಕಲ್ಲು ಕಂಡಿತು. ಬಾಯಿಯ ಮೂಲಕ ದುರ್ಬೀನಿನ ಕೊಳವೆಯನ್ನು ಇಳಿಸಿ, ನಾಳದ ಬಾಯನ್ನು ಸ್ವಲ್ಪ ಸೀಳಿ ಕಲ್ಲನ್ನು ಹೊರಗೆಳೆದರು. ಹೊಟ್ಟೆಯ ಮೇಲೆ ಹೊಸ ಗಾಯವೇ ಆಗಲಿಲ್ಲ. ಮೂರನೆಯ ದಿನ ಅಕ್ಕ ಮನೆಗೆ ಬಂದು ನಮ್ಮನ್ನು ನೋಡಿ, “ನಿನ್ನ ಜೀರಿಗೆ ಕಷಾಯ ಚೆನ್ನಾಗಿಯೇ ಇತ್ತು” ಎಂದು ನಕ್ಕಳು. ನಮಗೆ ನಗು ಬರಲಿಲ್ಲ.

ತಿಂಗಳುಗಟ್ಟಲೆ ಉಳಿಯುವ ನೋವು

ಆದರೆ ಎಲ್ಲ ನೋವೂ ಕಲ್ಲಿನದಲ್ಲ. ತಿಂಗಳುಗಳ ಬಳಿಕ ಉಳಿದ ನೋವಿಗೆ ಕಾರಣಗಳು ಹಲವು. ಅವುಗಳಲ್ಲಿ ಎಷ್ಟೋ ಪಿತ್ತಕೋಶಕ್ಕೆ ಸಂಬಂಧಪಟ್ಟವುಗಳೇ ಅಲ್ಲ. ಮೊದಲಿನಿಂದಲೂ ಜಠರದ ಆಮ್ಲದಿಂದಲೋ ಹುಣ್ಣಿನಿಂದಲೋ ನೋವಿತ್ತು. ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡುದರಿಂದ ನೋವು ಅದರದೇ ಎಂದು ಭಾವಿಸಲಾಯಿತು. ಚೀಲ ಹೋಯಿತು, ಹುಣ್ಣು ಉಳಿಯಿತು. ಇಂತಹ ಪ್ರಸಂಗಗಳುಂಟು. ಊಟದ ಮೊದಲು ಉರಿ, ರಾತ್ರಿ ಹುಳಿತೇಗು, ಮಲಗಿದಾಗ ಎದೆಯುರಿ ಇದ್ದರೆ ವೈದ್ಯರಿಗೆ ಅದನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಮಲವಿಸರ್ಜನೆಯಾದೊಡನೆ ಇಳಿಯುವ, ಮಲದ ರೀತಿ ಬದಲಾಗುವುದರೊಡನೆ ಏರಿಳಿಯುವ ನೋವು ಕರುಳಿನ ಸೂಕ್ಷ್ಮತೆಯಿಂದ ಬಂದುದಿರಬಹುದು. ನಡೆದಾಗ, ಮೆಟ್ಟಿಲು ಹತ್ತಿದಾಗ ಮೇಲುಹೊಟ್ಟೆ ಬಿಗಿದು ನಿಂತಾಗ ಇಳಿದರೆ, ಅದು ಹೃದಯದ ನೋವಾಗಿರಲೂಬಹುದು. ಹೆಂಗಸರಲ್ಲಿಯೂ ಮಧುಮೇಹಿಗಳಲ್ಲಿಯೂ ಹೃದಯದ ನೋವು ಹೊಟ್ಟೆಯ ವೇಷದಲ್ಲಿ ಬರುವುದುಂಟು.

ಗಾಯದ ಬಳಿ ಬೆರಳ ತುದಿಯಿಂದ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ಸದಾ ಚುಚ್ಚುವ ನೋವಿದ್ದರೆ, ಅದು ಹೊಟ್ಟೆಯ ಒಳಗಿನದಲ್ಲದೆ ಹೊಟ್ಟೆಯ ಗೋಡೆಯ ನರದ್ದಾಗಿರಬಹುದು. ಅಮೆರಿಕದ ಕಾರ್ನೆಟ್ ಎಂಬ ಶಸ್ತ್ರವೈದ್ಯನು ೧೯೨೬ರಲ್ಲಿ ಇದಕ್ಕೊಂದು ಸುಲಭ ಪರೀಕ್ಷೆಯನ್ನು ಹೇಳಿದನು. ಅಂಗಾತ ಮಲಗಿದ ರೋಗಿಯ ನೋವಿರುವ ಜಾಗವನ್ನು ಒತ್ತಿ ಹಿಡಿದು, ತಲೆಯನ್ನೂ ಭುಜಗಳನ್ನೂ ಮೇಲೆತ್ತುವಂತೆ ಹೇಳುವುದು. ಆಗ ನೋವು ಹೆಚ್ಚಿದರೆ ಅದು ಬಹುಶಃ ಗೋಡೆಯದು; ಕಡಮೆಯಾದರೆ ಒಳಗಿನದು. ಗಾಯ ಪೂರ್ಣವಾಗಿ ಮಾಗಿದ ಮೇಲೆ ವೈದ್ಯರು ಮಾಡಬೇಕಾದ ಪರೀಕ್ಷೆಯಿದು. ನರದ ನೋವೆಂದು ಗೊತ್ತಾದರೆ ಆ ಜಾಗಕ್ಕೇ ಸೂಜಿಮದ್ದು ಕೊಡುವ ಚಿಕಿತ್ಸೆಯುಂಟು. ಗಾಯದ ಜಾಗದಲ್ಲಿ ಕೆಮ್ಮಿದಾಗ ಉಬ್ಬು ಕಾಣಿಸಿದರೆ ಅದು ಅಂಡವಾಯುವಿನಂತೆ ಕರುಳು ಹೊರದೂಡಿದ ಲಕ್ಷಣ, ಅದನ್ನೂ ತೋರಿಸತಕ್ಕದ್ದು.

ಪಿತ್ತನಾಳದ ಕೊನೆಯಲ್ಲಿ, ಅದು ಸಣ್ಣ ಕರುಳನ್ನು ಸೇರುವಲ್ಲಿ, ಉಂಗುರದಂತಹ ಒಂದು ಸ್ನಾಯುವಿದೆ. ೧೮೮೭ರಲ್ಲಿ ಅದನ್ನು ವಿವರಿಸಿದ ಇಟಲಿಯ ರುಜ್ಜೆರೊ ಒಡ್ಡಿಯ ಹೆಸರಿನಿಂದಲೇ ಅದನ್ನು ಕರೆಯುವರು. ಈ ಉಂಗುರವು ಬಿಗಿದುಕೊಂಡರೆ ಕಲ್ಲಿಲ್ಲದಿದ್ದರೂ ಕಲ್ಲಿನಂತಹ ನೋವು ಬರಬಹುದು. ಕೊಡೀನ್, ಮಾರ್ಫಿನ್ ವರ್ಗದ ಔಷಧಗಳು ಈ ಉಂಗುರವನ್ನು ಇನ್ನಷ್ಟು ಬಿಗಿಸಬಲ್ಲವು. ಕೆಲವು ಕೆಮ್ಮಿನ ಔಷಧಗಳಲ್ಲಿಯೂ ಕೊಡೀನ್ ಇರುವುದರಿಂದ, ಯಾವ ಕಾಯಿಲೆಗೆ ವೈದ್ಯರಲ್ಲಿಗೆ ಹೋದರೂ “ನನ್ನ ಪಿತ್ತಕೋಶವನ್ನು ತೆಗೆದಿದೆ” ಎಂದು ಮೊದಲೇ ಹೇಳುವುದು ಜಾಣತನ. ಹಿಂದೆ ಇಂತಹ ನೋವಿಗೆ ಆ ಉಂಗುರವನ್ನು ಸೀಳುವುದು ವಾಡಿಕೆಯಾಗಿತ್ತು. ಆದರೆ ನಾಳ ಹಿಗ್ಗಿಲ್ಲದ, ರಕ್ತಪರೀಕ್ಷೆ ಸರಿಯಿದ್ದ ೨೧೪ ಮಂದಿಯನ್ನು ಅಮೆರಿಕದಲ್ಲಿ ಪರೀಕ್ಷಿಸಿ, ಕೆಲವರಿಗೆ ನಿಜವಾಗಿ ಸೀಳಿ, ಉಳಿದವರಿಗೆ ಸೀಳಿದಂತೆ ನಟಿಸಿ ನೋಡಿದರು. ೨೦೧೪ರಲ್ಲಿ ಪ್ರಕಟವಾದ ಅದರ ಫಲ: ಸೀಳಿದವರಲ್ಲಿ ನೂರಕ್ಕೆ ೨೩ ಮಂದಿಗೆ ಗುಣ, ಸೀಳದವರಲ್ಲಿ ನೂರಕ್ಕೆ ೩೭ ಮಂದಿಗೆ ಗುಣ. ಆದುದರಿಂದ ಪರೀಕ್ಷೆಗಳೆಲ್ಲ ಸರಿಯಾಗಿದ್ದು ನೋವು ಮಾತ್ರ ಇರುವವರು, ಮತ್ತೊಂದು ಕತ್ತರಿಗೆ ಮೈಯೊಡ್ಡುವ ಮುನ್ನ ಎರಡನೆಯ ವೈದ್ಯರ ಅಭಿಪ್ರಾಯವನ್ನು ಕೇಳುವುದು ಒಳಿತು. ಕೊಳವೆಯ ಚಿಕಿತ್ಸೆಯಿಂದಲೇ ಕೆಲವರಿಗೆ ಮೇದೋಜೀರಕಗ್ರಂಥಿಯ ಉರಿಯೂತ ಬರುವುದುಂಟು. ಕಲ್ಲಿದೆಯೇ ಎಂದು ನೋಡುವುದಕ್ಕೆ ಮಾತ್ರವಾದರೆ ಅಯಸ್ಕಾಂತದ ಸ್ಕ್ಯಾನಿಂಗ್ ಇದೆ. ಅದರಲ್ಲಿ ಕೊಳವೆಯ ಗೊಡವೆಯಿಲ್ಲ.

ಕೆಲವರಿಗೆ ಊಟವಾದೊಡನೆ ಹೊಟ್ಟೆ ಹಿಂಡಿ ನೀರುನೀರಾಗಿ ಮಲ ಹೋಗುವುದು. ಸದಾ ಹರಿಯುವ ಪಿತ್ತರಸವು ದೊಡ್ಡ ಕರುಳನ್ನು ಸೇರಿ ಅದನ್ನು ಕೆರಳಿಸುವುದೇ ಇದಕ್ಕೆ ಕಾರಣವಾಗಿರಬಹುದು. ಇಸಬ್‌ಗೋಲನ್ನು ಸಾಕಷ್ಟು ನೀರಿನೊಡನೆ ತೆಗೆದುಕೊಂಡರೆ ಕೆಲವರಿಗೆ ಹಿತವಾಗುವುದು. ಅದರಿಂದಾಗದಿದ್ದರೆ ಪಿತ್ತವನ್ನು ಹೀರಿಕೊಳ್ಳುವ ಕೊಲೆಸ್ಟಿರಮೀನ್ ಎಂಬ ಪುಡಿಯನ್ನು ವೈದ್ಯರು ಬರೆದುಕೊಡುವರು. ಅದು ಇತರ ಔಷಧಗಳನ್ನೂ ಹೀರಿಕೊಳ್ಳುವುದರಿಂದ, ಅವುಗಳನ್ನು ಪುಡಿಗೆ ೧ ಗಂಟೆ ಮುಂಚೆ ಅಥವಾ ೪ರಿಂದ ೬ ಗಂಟೆ ತರುವಾಯ ಸೇವಿಸತಕ್ಕದ್ದು. ಸಂಕೋಚದಿಂದ ಈ ತೊಂದರೆಯನ್ನು ಹೇಳದೆ, ಮದುವೆಮುಂಜಿಗಳಿಗೂ ಹೋಗದೆ ಮನೆಯಲ್ಲೇ ಉಳಿದ ಹೆಂಗಸರನ್ನು ನಾವು ಬಲ್ಲೆವು. ಇದು ನಾಚಬೇಕಾದ ವಿಷಯವಲ್ಲ, ಔಷಧವಿರುವ ವಿಷಯ.

ಅಡಿಗೆಮನೆಯ ಏರ್ಪಾಡು

ನಮ್ಮ ಕಡೆ ಎರಡು ವಿಪರೀತಗಳು ಕಾಣುವುವು. ಒಂದು, ಶಸ್ತ್ರಚಿಕಿತ್ಸೆಯಾದವರನ್ನು ಬಾಣಂತಿಯಂತೆ ಕಂಡು, ಮೈಗೆ ಬಲ ಬರಲೆಂದು ತುಪ್ಪ, ಉಂಡೆ, ಲೇಹ್ಯಗಳನ್ನು ಬಲವಂತವಾಗಿ ತಿನ್ನಿಸುವುದು. ಹೊಟ್ಟೆಗೆ ಬಟ್ಟೆ ಬಿಗಿಯುವುದು. ಇನ್ನೊಂದು, ಕೊಬ್ಬೆಂಬುದನ್ನೇ ವಿಷವೆಂದು ತಿಳಿದು ಜೀವಮಾನವೆಲ್ಲ ಗಂಜಿಯಲ್ಲೇ ಕಳೆಯುವುದು. ಎರಡೂ ಸರಿಯಲ್ಲ. ಕೂಡಿಟ್ಟ ಪಿತ್ತರಸವಿಲ್ಲವಾದ್ದರಿಂದ ಒಮ್ಮೆಗೇ ಹೆಚ್ಚು ಜಿಡ್ಡು ಬಿದ್ದರೆ ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬರಿಸಬಹುದು. ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಬಹುಮಂದಿಯ ಕರುಳು ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುವುದು.

ಆದುದರಿಂದ ಮೂರು ದೊಡ್ಡ ಊಟಗಳ ಬದಲು ಐದು ಚಿಕ್ಕ ಊಟಗಳು. ಮೊದಲ ಹತ್ತು ದಿನ ಮೆತ್ತನೆಯ ಅನ್ನ, ಹೆಸರುಬೇಳೆಯ ತೊವ್ವೆ, ತಿಳಿಸಾರು, ಇಡ್ಲಿ, ರಾಗಿ ಅಂಬಲಿ, ಕೆನೆ ತೆಗೆದ ಮೊಸರಿನ ಮಜ್ಜಿಗೆ, ಬಾಳೆಹಣ್ಣು. ತರಕಾರಿಯಲ್ಲಿ ಸೋರೆ, ಹೀರೆ, ಬೂದುಗುಂಬಳ, ಕ್ಯಾರೆಟ್. ಒಗ್ಗರಣೆಗೆ ಒಂದು ಚಿಕ್ಕ ಚಮಚ ಎಣ್ಣೆ ಸಾಕು. ಬಳಿಕ ಎರಡು ಮೂರು ದಿನಗಳಿಗೊಂದರಂತೆ ಹೊಸ ಪದಾರ್ಥವನ್ನು ಸೇರಿಸುತ್ತ ಹೋಗುವುದು: ತೊಗರಿಬೇಳೆಯ ಹುಳಿ, ಮುದ್ದೆ, ಸೊಪ್ಪು, ಕಡಮೆ ಎಣ್ಣೆಯ ದೋಸೆ, ಹಾಲು, ಮೊಟ್ಟೆ. ಅವರೆಕಾಳು, ಕಡಲೆ, ಎಲೆಕೋಸುಗಳನ್ನು ಕೊನೆಗಿಡತಕ್ಕದ್ದು, ಅವು ವಾಯುಕರ. ಬೋಂಡ, ಪೂರಿ, ಗಟ್ಟಿ ಕೆನೆ, ಖಾರದ ಮಸಾಲೆ ಇವುಗಳನ್ನು ನಾಲ್ಕಾರು ವಾರ ದೂರವಿಡುವುದು. ಬೆಳಗಿನ ಕಾಫಿಯಿಂದ ಭೇದಿ ಹೆಚ್ಚುವುದಾದರೆ ಅದನ್ನು ಅರ್ಧ ಲೋಟಕ್ಕೆ ಇಳಿಸುವುದು. ಯುಗಾದಿಗೆ ಒಂದು ಹೋಳಿಗೆಯನ್ನು ಒಂದು ಚಮಚ ತುಪ್ಪದೊಡನೆ ತಿಂದರೆ ತಪ್ಪಿಲ್ಲ. ನಾಲ್ಕನ್ನು ತಿಂದು ಕಣ್ಣೀರು ಹಾಕುವುದೇ ತಪ್ಪು.

ಒಂದು ಮಾತಿನ ಗೊಂದಲವನ್ನೂ ಇಲ್ಲಿ ಬಿಡಿಸಬೇಕು. “ಪಿತ್ತ ಕೆದರಿತು” ಎಂದು ನಾವು ಆಡುವ ಮಾತಿನ ಪಿತ್ತವು ತಲೆಸುತ್ತು, ಓಕರಿಕೆಗಳಿಗೆ ಹೇಳುವ ಹೆಸರು. ಪಿತ್ತಕೋಶದ ರಸವೇ ಬೇರೆ. ಆದುದರಿಂದ ಪಿತ್ತಶಮನದ ಔಷಧವೆಂದು ಹೆಸರಿದ್ದ ಮಾತ್ರಕ್ಕೆ ಅದು ಈ ನೋವಿಗೆ ಮದ್ದಾಗದು. ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಕಲ್ಲುಗಳು ಉದುರುವುವೆಂಬ ಮಾತೂ ಪ್ರಚಾರದಲ್ಲಿದೆ. ಹಾಗೆ ಮಲದಲ್ಲಿ ಬಿದ್ದುವೆಂದು ತೋರುವ ಹಸಿರು ಉಂಡೆಗಳು ಕರುಳಿನಲ್ಲಿ ಆ ಎಣ್ಣೆಯೇ ಸಾಬೂನಿನಂತೆ ಗಟ್ಟಿಯಾದವುಗಳು. ನೋವಿರುವೆಡೆಗೆ ಬರೆ ಹಾಕಿಸುವ ಕ್ರೂರ ಪದ್ಧತಿಯಂತೂ ಎಂದಿಗೂ ಕೂಡದು.

ಭಯವೆಂಬ ಎರಡನೆಯ ನೋವು

ಕಲ್ಲು ತೆಗೆದ ಮೇಲೆ ಅಕ್ಕನ ಕಥೆ ಮುಗಿಯಲಿಲ್ಲ. ಅವಳು ಊಟಕ್ಕೇ ಹೆದರತೊಡಗಿದಳು. ಮೂರು ತಿಂಗಳು ಗಂಜಿ, ತಿಳಿಸಾರು. ಆರು ಕಿಲೋ ತೂಕ ಇಳಿಯಿತು. ಹೊಟ್ಟೆಯಲ್ಲಿ ಸಣ್ಣಗೆ ಚುರುಕೆಂದರೂ ಕನ್ನಡಿಯ ಮುಂದೆ ನಿಂತು ಕಣ್ಣು ನೋಡಿಕೊಳ್ಳುವಳು. ರಾತ್ರಿ ನಿದ್ರೆಯಿಲ್ಲ. ಮೊದಲು ನಾವು ಅವಳ ನೋವನ್ನು ನಂಬಲಿಲ್ಲ. ಈಗ ಅವಳು ತನ್ನ ದೇಹವನ್ನೇ ನಂಬದಾದಳು. ಮತ್ತೆ ವೈದ್ಯರಲ್ಲಿಗೆ ಹೋದೆವು. ಅವರು ಎಲ್ಲ ಪರೀಕ್ಷೆಗಳನ್ನೂ ಮಾಡಿಸಿ, ನಾಳವು ಸ್ವಚ್ಛವಾಗಿದೆಯೆಂದೂ ಈಗಿನ ನೋವು ಕರುಳಿನ ಸೂಕ್ಷ್ಮತೆಯದೆಂದೂ ಹೇಳಿದರು. ಬಳಿಕ, “ಅಮ್ಮಾ, ನೋವು ನಿಜ. ಆದರೆ ಈ ನೋವಿಗೆ ಅಪಾಯವಿಲ್ಲ. ಎರಡೂ ಮಾತುಗಳನ್ನು ಒಟ್ಟಿಗೆ ನೆನಪಿಡಿ” ಎಂದು ಒಂದು ನೋಟುಪುಸ್ತಕವನ್ನು ಇಡಲು ಹೇಳಿದರು.

ಆ ಪುಸ್ತಕದ ಕ್ರಮವನ್ನು ವಾಚಕರಿಗೂ ಹೇಳುವೆವು. ದಿನಾಂಕ, ನೋವು ಬಂದ ಹೊತ್ತು, ಇಳಿದ ಹೊತ್ತು, ಎಲ್ಲಿ, ಎಷ್ಟು, ಅದಕ್ಕೆ ಮುಂಚಿನ ಊಟ, ಮಲಮೂತ್ರಗಳ ಬಣ್ಣ, ಜ್ವರ, ಹಿಂದಿನ ರಾತ್ರಿಯ ನಿದ್ರೆ, ಯಾವುದರಿಂದ ಇಳಿಯಿತು. ಎರಡು ವಾರ ಬರೆದರೆ ಸಾಕು, ವೈದ್ಯರಿಗೆ ಒಂದು ಗಂಟೆಯ ಮಾತಿಗಿಂತ ಹೆಚ್ಚು ತಿಳಿಯುವುದು. ಅಕ್ಕನ ಪುಸ್ತಕದಲ್ಲಿ ಕಂಡುದೇನೆಂದರೆ, ನೋವು ಊಟದ ಪದಾರ್ಥಕ್ಕಿಂತ ಹೆಚ್ಚಾಗಿ ನಿದ್ರೆಗೆಟ್ಟ ರಾತ್ರಿಗಳನ್ನೂ ಹಸಿದುಕೊಂಡಿದ್ದ ದಿನಗಳನ್ನೂ ಹಿಂಬಾಲಿಸುತ್ತಿತ್ತು. ಹೊತ್ತಿಗೆ ಸರಿಯಾದ ಊಟ, ಊಟದ ಬಳಿಕ ಹತ್ತು ನಿಮಿಷದ ನಡಿಗೆ, ಬಿಸಿನೀರಿನ ಚೀಲದಿಂದ ಬಟ್ಟೆಯ ಮೇಲೆ ಹದವಾದ ಕಾವು, ಹೊಟ್ಟೆಯನ್ನು ಉಬ್ಬಿಸಿ ಇಳಿಸುವ ನಿಧಾನವಾದ ಉಸಿರಾಟ, ರಾತ್ರಿ ಬೇಗ ಮಲಗುವುದು, ಇವುಗಳೇ ಅವಳಿಗೆ ಹಿಡಿದ ಮದ್ದು. ಗಾಯ ಮಾಗುವ ಮುನ್ನ ಅದರ ಮೇಲೆ ಕಾವು ಕೊಡಲಾಗದು ಎಂಬುದನ್ನು ಇಲ್ಲಿಯೇ ಹೇಳಿಬಿಡುವೆವು.

ಮನೆಯವರಿಗೆ ನಮ್ಮ ವಿನಂತಿ ಇಷ್ಟೆ. ರೋಗಿಯು ನೋವೆಂದಾಗ “ಏನೂ ಇಲ್ಲ” ಎನ್ನಬೇಡಿರಿ. “ಅಯ್ಯೋ, ಏನಾಯಿತೋ” ಎಂದು ಗಾಬರಿಯನ್ನೂ ಹಬ್ಬಿಸಬೇಡಿರಿ. ಹತ್ತಿರ ಕುಳಿತು ಎಲ್ಲಿ, ಎಷ್ಟು ಹೊತ್ತಿನಿಂದ ಎಂದು ಕೇಳಿರಿ. ಕಣ್ಣಿನ ಬಣ್ಣ ನೋಡಿರಿ. ಹಣೆ ಮುಟ್ಟಿ ನೋಡಿರಿ. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದರೆ ಹೊರಡಿರಿ. ಇಲ್ಲದಿದ್ದರೆ ಪುಸ್ತಕದಲ್ಲಿ ಬರೆದು, ಕೊಡ ಎತ್ತುವ ಕೆಲಸವನ್ನು ಅಂದಿನ ಮಟ್ಟಿಗೆ ನೀವೇ ಮಾಡಿರಿ. ಅಪಾಯವಿಲ್ಲದ ನೋವೂ ಕೆಲವು ವಾರಗಳಲ್ಲಿ ಇಳಿಯದಿದ್ದರೆ ಆ ಪುಸ್ತಕದೊಡನೆ ವೈದ್ಯರಲ್ಲಿಗೆ ಹೋಗಿರಿ.

ಅಕ್ಕ ಈಗ ಸುಖವಾಗಿದ್ದಾಳೆ. ತಿಂಗಳಿಗೊಮ್ಮೆಯೋ ಎರಡು ಬಾರಿಯೋ ಸಣ್ಣ ನೋವು ಬಂದುಹೋಗುವುದು. ಅದಕ್ಕೆ ಅವಳು ಹೆದರುವುದನ್ನು ಬಿಟ್ಟಿದ್ದಾಳೆ. ಕಳೆದ ಗೌರೀಹಬ್ಬಕ್ಕೆ ನಾವು ಹೋದಾಗ ಅವಳ ಅತ್ತೆಯವರೇ ಅಡಿಗೆಮನೆಯಿಂದ ಬಂದು, “ಸ್ವಲ್ಪ ತಡಿಯಮ್ಮಾ, ನಿನಗೆ ತುಪ್ಪ ಬೇರೆ ಬಡಿಸುತ್ತೇನೆ, ಒಂದೇ ಚಮಚ” ಎಂದರು. ಮಗಳು ಮಾತ್ರ ಇಂದಿಗೂ ಜಡೆ ಹಾಕಿಸಿಕೊಳ್ಳುವಾಗ ಕನ್ನಡಿಯಲ್ಲಿ ತಾಯಿಯ ಕಣ್ಣನ್ನು ಒಮ್ಮೆ ನೋಡಿಯೇ ತಲೆ ಬಗ್ಗಿಸುವಳು.